ಕೆಲಸವಿಲ್ಲದ ಕೊಕ್ಕು

ತಲೆಯ ಮೇಲೆ ಹಸಿರು ಹಾಗೇ ಇರುತ್ತದೆ, ಕತ್ತಿನಿಂದ ಕೆಳಗೆ ಮಾತ್ರ ಬೋಳು. ತನ್ನ ಪುಕ್ಕ ತಾನೇ ಕಿತ್ತುಕೊಳ್ಳುವ ಗಿಣಿಯನ್ನು ಹೀಗೇ ಗುರುತಿಸಬಹುದು. ಕೊಕ್ಕು ಮೈಯೆಲ್ಲ ಮುಟ್ಟೀತು, ನೆತ್ತಿಯನ್ನು ಮುಟ್ಟದು. ನೆತ್ತಿಯೂ ಬೋಳಾಗಿದ್ದರೆ ಜೊತೆಯ ಹಕ್ಕಿ ಕೀಳುತ್ತಿರಬೇಕು, ಇಲ್ಲವೇ ಬೇರೆ ರೋಗವಿರಬೇಕು. ಕೆಲವಂತೂ ಪುಕ್ಕ ಮುಗಿದ ಮೇಲೆ ಎದೆಯ ಚರ್ಮವನ್ನೇ ಕಚ್ಚಿ ಹುಣ್ಣು ಮಾಡಿಕೊಳ್ಳುತ್ತವೆ.

ಕಣ್ಣುಬಿದ್ದಿದೆ ಎಂದು ದೃಷ್ಟಿ ತೆಗೆಯುವವರಿದ್ದಾರೆ, ಬೇವಿನೆಣ್ಣೆಗೆ ಅರಿಶಿನ ಕಲಸಿ ಸವರುವವರಿದ್ದಾರೆ. ದೃಷ್ಟಿಯಿಂದ ನಷ್ಟವೇನಿಲ್ಲ, ಎಣ್ಣೆಯಿಂದ ಉಂಟು. ಎಣ್ಣೆ ಅಂಟಿದ ಪುಕ್ಕ ಮೈಯನ್ನು ಬೆಚ್ಚಗಿಡಲಾರದು. ಅದನ್ನು ತೆಗೆದುಹಾಕಲು ಹೋಗಿ ಹಕ್ಕಿ ಇನ್ನಷ್ಟು ಕೀಳುತ್ತದೆ. ಮೊದಲು ಆಗಬೇಕಾದ್ದು ತಪಾಸಣೆ. ವೈರಸ್, ಪಿತ್ತಜನಕಾಂಗದ ತೊಂದರೆ, ಪಂಜರದ ಸತುವಿನ ಲೇಪ ಕೆರೆದು ತಿಂದ ವಿಷ, ಊದುಬತ್ತಿ ಮತ್ತು ಸೊಳ್ಳೆಬತ್ತಿಯ ಹೊಗೆ, ಬರೀ ಸೂರ್ಯಕಾಂತಿ ಬೀಜ ತಿಂದು ಬಂದ 'ಎ' ಜೀವಸತ್ವದ ಕೊರತೆ, ಇವೆಲ್ಲವೂ ಪುಕ್ಕ ಕೀಳಿಸಬಲ್ಲವು. ಆದರೆ ತಪಾಸಣೆ ಮಾಡುವವರು ಬೇಕಲ್ಲ? ನಮ್ಮ ಕಡೆ ಮಳವಳ್ಳಿ ಬಂಡೂರು ಕುರಿಯ ನಾಡು, ಮದ್ದೂರು ಗೆಜ್ಜಲಗೆರೆ ಡೇರಿಯ ನಾಡು. ಇಲ್ಲಿನ ಪಶುವೈದ್ಯರ ದಿನ ಹಸು, ಕುರಿಗಳಲ್ಲೇ ಮುಗಿಯುತ್ತದೆ. ಹಕ್ಕಿ ಬಲ್ಲ ವೈದ್ಯರು ಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು.

ಹೋಗಲು ಹೆದರಿಕೆಯೂ ಇದೆ. ಕೊರಳಿಗೆ ಗುಲಾಬಿ ಪಟ್ಟಿಯಿರುವ ನಮ್ಮ ಊರಗಿಣಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಪಂಜರ ಜಗಲಿಯಿಂದ ಹಿಂದಿನ ಕೋಣೆಗೆ ಹೋಗುತ್ತದೆ. ಅಲ್ಲಿ ಬಿಸಿಲಿಲ್ಲ, ಮಾತಾಡಿಸುವವರಿಲ್ಲ, ಡಾಕ್ಟರಂತೂ ಇಲ್ಲವೇ ಇಲ್ಲ. ರೋಗ ಬೆಳೆಯಲು ಇನ್ನೇನು ಬೇಕು?

ತಪಾಸಣೆಯಲ್ಲಿ ಏನೂ ಸಿಗದಿದ್ದಾಗ ಉಳಿಯುವ ಕಾರಣವೇ ನನಗೆ ಹೆಚ್ಚು ಕಾಡುವಂಥದ್ದು: ಗಿಣಿಗೆ ಕೆಲಸವಿಲ್ಲ. ಅದೆಂಥ ಕೆಲಸಗಾರ ಎಂಬುದನ್ನು ಅಟ್ಟಣೆ ಹತ್ತಿ ಕವಣೆ ಬೀಸುವ ಜೋಳದ ಹೊಲದ ರೈತನನ್ನು ಕೇಳಬೇಕು. ಒಂದು ತೆನೆ ಕುಕ್ಕಿ, ಅರ್ಧ ಬೀಳಿಸಿ, ಇನ್ನೊಂದಕ್ಕೆ ಹಾರಿ, ಇಡೀ ಬೆಳಗ್ಗೆ ಕೊಕ್ಕಿಗೆ ಬಿಡುವಿಲ್ಲ. ಕಾಡಿನಲ್ಲಿ ಗಿಳಿಗಳು ದಿನಕ್ಕೆ 4ರಿಂದ 6 ಗಂಟೆ ಮೇವು ಹುಡುಕುತ್ತವೆ; ಪಂಜರದ ಬಟ್ಟಲಿನ ಊಟ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಮೇವು ಹುಡುಕುವ, ಹತ್ತಿ ಇಳಿಯುವ ಅವಕಾಶವಿದ್ದ ಅಮೆಜಾನ್ ಗಿಳಿಮರಿಗಳ ಪುಕ್ಕ ಚೆನ್ನಾಗಿ ಉಳಿಯಿತು, ಅವಕಾಶವಿಲ್ಲದವು ಕಿತ್ತುಕೊಂಡವು. ಆಮೇಲೆ ಅವಕ್ಕೂ ಅದೇ ಅನುಕೂಲ ಮಾಡಿಕೊಟ್ಟಾಗ ಅವೂ ಸುಧಾರಿಸಿದವು.

ಅಂಗಡಿಯ ಮುಲಾಮಿಗಿಂತ ಹೊಲದ ಸರಕೇ ಇಲ್ಲಿ ಮೇಲು. ಮುಸುಕಿನ ಜೋಳವನ್ನು ಸಿಪ್ಪೆ ಸಮೇತ ಕಟ್ಟಿ, ನವಣೆ ತೆನೆ ನೇತುಹಾಕಿ, ಸಿಪ್ಪೆ ಸುಲಿಯದ ಸೀಬೆ ಕೊಂಬೆ ಇಡಿ, ಕಾಳನ್ನು ಕಾಗದದಲ್ಲಿ ಸುತ್ತಿ ಅಡಗಿಸಿ. ಸಿಹಿಕುಂಬಳ, ನುಗ್ಗೆಸೊಪ್ಪು ಕೊಡಿ. ಬೆಳಗಿನ ಎಳೆಬಿಸಿಲಲ್ಲಿ ತುಂತುರು ನೀರು ಚಿಮುಕಿಸಿ. ರಾತ್ರಿ 10ರಿಂದ 12 ಗಂಟೆಗಳ ಕಾಲ ಕತ್ತಲು, ನಿದ್ದೆ ಬೇಕು. ಹತ್ತು ಗಂಟೆಯ ಸೀರಿಯಲ್ಲು ಮುಗಿಯುವವರೆಗೂ ಟಿವಿ ಪಕ್ಕದಲ್ಲೇ ಪಂಜರವಿದ್ದರೆ ಅದೆಲ್ಲಿಯ ನಿದ್ದೆ? ಕೀಳುವಾಗ 'ಏಯ್' ಎಂದು ಗದರಬೇಡಿ. ಗದರಿದರೂ ಯಾರೋ ತನ್ನತ್ತ ತಿರುಗಿದರಲ್ಲ ಎಂಬುದನ್ನು ಅದು ಕಲಿತುಬಿಡುತ್ತದೆ. ಸುಮ್ಮನೆ ಆಡುತ್ತಿರುವಾಗ ಮಾತಾಡಿಸಿ. ಕೊಕ್ಕು ಮೈಗೆ ತಾಗದಂತೆ ಕೊರಳಿಗೆ ಹಾಕುವ ಪಟ್ಟಿ ಗಾಯ ಮಾಯುವವರೆಗೆ ಮಾತ್ರ, ಅದೂ ವೈದ್ಯರು ಹೇಳಿದರೆ.

ಇದೆಲ್ಲ ಕಾನೂನು ಒಪ್ಪುವ ವಿದೇಶಿ ಹಕ್ಕಿಗಳ ಮಾತು. ಊರಗಿಣಿಯಾದರೆ ಅರಣ್ಯ ಇಲಾಖೆಗೋ, ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೋ ತಲುಪಿಸುವುದೇ ದಾರಿ. ಬೋಳಾದ ಗಿಣಿಯನ್ನು ಪಂಜರ ತೆರೆದು ಹಾರಿಸಿಬಿಟ್ಟರೆ ಪುಣ್ಯ ಬರುವುದಿಲ್ಲ, ಬೆಕ್ಕು ಬರುತ್ತದೆ.

ಹಾಗೆಂದು ಹಕ್ಕಿಯನ್ನು ಹತ್ತಿರ ಇಟ್ಟುಕೊಳ್ಳುವ ಆಸೆಯೇ ತಪ್ಪೆನ್ನಲಾರೆ. 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾದ ಕೊಕ್ಕರೆ ಬೆಳ್ಳೂರು ಇರುವುದು ಇದೇ ಮದ್ದೂರು ತಾಲ್ಲೂಕಿನಲ್ಲಿ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಯನ್ನು ಅಲ್ಲಿಯವರು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುತ್ತಾರೆ. ಆ ಬೇಲಿಗೆ ಒಂದು ಅವಧಿಯಿದೆ. ಗಿಣಿಯ ಪಂಜರಕ್ಕೆ ಅದಿಲ್ಲ. ಗಿಣಿಯ ಆಯಸ್ಸೋ ಹತ್ತಾರು ವರ್ಷ.

ಪುಕ್ಕ ಮತ್ತೆ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಬಂದರೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಹೊಸ ಪುಕ್ಕದ ದಂಟಿನಲ್ಲಿ ರಕ್ತ ತುಂಬಿರುವುದರಿಂದ ಅದನ್ನು ಕಿತ್ತುಕೊಂಡರೆ ನೆತ್ತರು ಸುರಿಯುತ್ತದೆ. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಪುಕ್ಕದ ಬುಡವೇ ಸತ್ತು ಬೋಳು ಹಾಗೇ ಉಳಿಯಬಹುದು. ಗಾಯ ಮಾಯ್ದು, ಮೈ ಬಿಟ್ಟು ಜೋಳದ ಸಿಪ್ಪೆ ಕೀಳುತ್ತಿದ್ದರೆ ಅಷ್ಟನ್ನೂ ಗುಣವೆಂದೇ ಎಣಿಸಬೇಕು. ಮಾಗಿಯ ಚಳಿಯಲ್ಲಿ ಮಾತ್ರ ಅಂಥ ಹಕ್ಕಿಯನ್ನು ಬೆಚ್ಚಗಿನ ಕೋಣೆಯಲ್ಲಿಡಿ.