ಜೀವಕೋಶದಲ್ಲಿ ನೆಲೆಯ ಮಹತ್ವ

ಬೆಳಗಿನ ಜಾವದಲ್ಲಿ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯನ್ನು ಹೊಕ್ಕವರಿಗೆ ಮೊದಲು ಕೇಳುವುದು ಗದ್ದಲ. ಅನಂತರ ಕಾಣುವುದು ಆ ಗದ್ದಲದೊಳಗಿನ ವ್ಯವಸ್ಥೆ. ಸೇವಂತಿಗೆ, ಕನಕಾಂಬರಗಳ ಮೂಟೆ ಇಳಿದೊಡನೆ ಕೂಗು ಏಳುತ್ತದೆ. ಆ ಕೂಗು ತರಕಾರಿಯವರ ಕಿವಿಗೂ ಬೀಳುತ್ತದೆ, ದಿನಸಿಯವರ ಕಿವಿಗೂ ಬೀಳುತ್ತದೆ. ಆದರೆ ತಕ್ಕಡಿ ಏಳುವುದು ಹೂವಿನ ರಾಶಿಯ ಮಗ್ಗುಲಲ್ಲಿ ಕುಳಿತವನದು ಮಾತ್ರ. ತೂಗುವವನು, ಲೆಕ್ಕ ಬರೆಯುವವನು, ಹೊರುವವನು ಒಂದೇ ಅಂಗಡಿಯ ಮುಂದೆ ನಿಂತಿರುವುದರಿಂದಲೇ ಹೊತ್ತೇರುವ ಮುನ್ನ ಅಷ್ಟೊಂದು ಹೂವು ಕೈಯಿಂದ ಕೈಗೆ ದಾಟುವುದು ಸಾಧ್ಯವಾಗುತ್ತದೆ.

ಮಾನವದೇಹದ ಒಂದೊಂದು ಜೀವಕೋಶದಲ್ಲಿಯೂ ಇಂಥ ವ್ಯವಸ್ಥೆಯೊಂದಿದೆ. ಆದರೆ ನಮ್ಮ ಶಾಲೆ ಕಾಲೇಜುಗಳ ಪಾಠಕ್ರಮದಲ್ಲಿ ಜೀವಕೋಶವೆಂದರೆ ದ್ರವ ತುಂಬಿದ ಚೀಲ, ಅದರಲ್ಲಿ ಕಿಣ್ವಗಳು ಅತ್ತಿತ್ತ ತೇಲುತ್ತಿರುತ್ತವೆ ಎಂಬ ಭಾವನೆಯೇ ಇನ್ನೂ ಉಳಿದುಕೊಂಡಿದೆ. ಈ ಭಾವನೆಯನ್ನು ತಿದ್ದಬೇಕಾದ ಕಾಲ ಎಂದೋ ಬಂದಿದೆ.

ಅಮೆರಿಕದ ವಿಜ್ಞಾನಿ ಅರ್ಲ್ ಸದರ್ಲೆಂಡ್ 1950ರ ದಶಕದಲ್ಲಿ ಸೈಕ್ಲಿಕ್ ಎ.ಎಂ.ಪಿ. ಎಂಬ ಪುಟ್ಟ ಅಣುವನ್ನು ಕಂಡುಹಿಡಿದರು. ಅಡ್ರಿನಲಿನ್‌ನಂಥ ಹಾರ್ಮೋನು ಜೀವಕೋಶದ ಹೊರಪೊರೆಗೆ ಬಂದು ತಾಗಿದಾಗ ಒಳಗೆ ಈ ಅಣು ಉತ್ಪತ್ತಿಯಾಗಿ ಸಂದೇಶವನ್ನು ಮುಂದಕ್ಕೆ ಒಯ್ಯುತ್ತದೆ. ಈ ಕಾರ್ಯಕ್ಕಾಗಿ ಅವರಿಗೆ 1971ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈ ಸಂದೇಶವನ್ನು ಕೇಳಿ ಕೆಲಸಕ್ಕೆ ತೊಡಗುವ ಮುಖ್ಯ ಕಿಣ್ವವನ್ನು 1968ರಲ್ಲಿ ಎಡ್ವಿನ್ ಕ್ರೆಬ್ಸ್ ಮತ್ತು ಸಹೋದ್ಯೋಗಿಗಳು ಗುರುತಿಸಿದರು. ಅದೇ ಪ್ರೋಟೀನ್ ಕೈನೇಸ್-ಎ. ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಅಂಟಿಸಿ ಅವುಗಳ ನಡೆಯನ್ನು ಬದಲಿಸುವುದು ಇದರ ಕೆಲಸ. ಇಂಥ ಕೈನೇಸುಗಳು ಮಾನವದೇಹದಲ್ಲಿ 500ಕ್ಕೂ ಹೆಚ್ಚಿವೆ.

ಆದರೆ ಇಲ್ಲಿ ಒಂದು ತೊಡಕು ಎದುರಾಯಿತು. ಹೃದಯದ ಸ್ನಾಯುವಿನಲ್ಲಿ ಎರಡು ಬೇರೆ ಬೇರೆ ದ್ರವ್ಯಗಳು ಸೈಕ್ಲಿಕ್ ಎ.ಎಂ.ಪಿ.ಯ ಪ್ರಮಾಣವನ್ನು ಏರಿಸುತ್ತಿದ್ದವು. ಅವುಗಳಲ್ಲಿ ಅಡ್ರಿನಲಿನ್ ಜಾತಿಗೆ ಸೇರಿದುದು ಮಿಡಿತದ ಬಲವನ್ನು ಹೆಚ್ಚಿಸುತ್ತಿತ್ತು; ಪ್ರೋಸ್ಟಗ್ಲಾಂಡಿನ್ ಎಂಬ ಇನ್ನೊಂದು ಹಾಗೆ ಮಾಡುತ್ತಿರಲಿಲ್ಲ. ಸಂದೇಶವೂ ಒಂದೇ, ಕಿಣ್ವವೂ ಒಂದೇ. ಫಲ ಮಾತ್ರ ಬೇರೆ. ಪ್ರಮಾಣದ ಲೆಕ್ಕಾಚಾರವೊಂದರಿಂದಲೇ ಇದನ್ನು ವಿವರಿಸುವುದು ಸಾಧ್ಯವಿರಲಿಲ್ಲ. ಸಂದೇಶ ಎಲ್ಲಿ ಹುಟ್ಟಿತು, ಕಿಣ್ವ ಎಲ್ಲಿ ಕಾದಿತ್ತು ಎಂದು ಕೇಳಲೇಬೇಕಾಯಿತು.

ಉತ್ತರದ ಮೊದಲ ಸುಳಿವು ಸಿಕ್ಕಿದ್ದು 1982ರಲ್ಲಿ, ಮಿದುಳಿನ ಅಂಗಾಂಶದಲ್ಲಿ. ಪ್ರೋಟೀನ್ ಕೈನೇಸ್-ಎ ಅಲ್ಲಿ ತೇಲಾಡುತ್ತಿರದೆ ಇನ್ನೊಂದು ಪ್ರೋಟೀನಿಗೆ ಕಟ್ಟಿಕೊಂಡಿರುವುದು ಕಂಡುಬಂದಿತು. ಇಂಥ ಹಿಡಿದಿಡುವ ಪ್ರೋಟೀನುಗಳ ಕುಲವನ್ನೇ ಮುಂದೆ ಸಂಶೋಧಕರು ಬಯಲಿಗೆ ತಂದರು. ಹಡಗನ್ನು ದಡಕ್ಕೆ ಹಿಡಿದಿಡುವ ಲಂಗರಿನಂತೆ ಇವು ಕೈನೇಸನ್ನು ಅದು ಕೆಲಸ ಮಾಡಬೇಕಾದ ಜಾಗದಲ್ಲಿಯೇ ಹಿಡಿದಿಡುವುದರಿಂದ ಇವನ್ನು ಲಂಗರು ಪ್ರೋಟೀನುಗಳೆಂದು ಕರೆಯುವುದು ಯುಕ್ತ. ಇವು ಇಂದು ಸುಮಾರು 50 ತಿಳಿದಿವೆ. ಇವು ತಾವಾಗಿ ಯಾವ ರಾಸಾಯನಿಕ ಕ್ರಿಯೆಯನ್ನೂ ನಡೆಸಬೇಕಾಗಿಲ್ಲ. ಆದರೆ ಫಾಸ್ಫೇಟನ್ನು ಅಂಟಿಸುವ ಕಿಣ್ವವನ್ನೂ ಅದನ್ನು ಕಿತ್ತುಹಾಕುವ ಕಿಣ್ವವನ್ನೂ ಒಂದೇ ಲಂಗರು ಹಿಡಿದಿರುವುದುಂಟು. ಸಂದೇಶದ ಅಣುವನ್ನೇ ನಾಶಮಾಡುವ ಕಿಣ್ವವನ್ನು ಕೈನೇಸಿನ ಪಕ್ಕದಲ್ಲಿ ಕೂರಿಸಿಕೊಂಡಿರುವುದೂ ಉಂಟು. ಕೆಲಸ ಆರಂಭವಾಗುವುದಕ್ಕೂ ಹೊತ್ತಿಗೆ ಸರಿಯಾಗಿ ನಿಲ್ಲುವುದಕ್ಕೂ ಇದೇ ಕಾರಣ.

ಈ ನಂಟು ಕಡಿದರೆ ಏನಾಗುತ್ತದೆಂಬುದಕ್ಕೆ ಹೃದಯವೇ ಸಾಕ್ಷಿ. ಓಡುವಾಗ, ಈಜುವಾಗ, ಬೆದರಿದಾಗ ಅಡ್ರಿನಲಿನ್ ಏರಿ ಹೃದಯ ವೇಗವಾಗಿ ಬಡಿಯುತ್ತದೆ. ಆಗ ಪ್ರತಿಯೊಂದು ಬಡಿತದ ಬಳಿಕ ಅದರ ವಿದ್ಯುತ್ ಸ್ಥಿತಿ ಬೇಗನೆ ಮೊದಲಿನಂತಾಗಬೇಕು. ಅದಕ್ಕಾಗಿ ಪೊಟ್ಯಾಸಿಯಂ ಹೊರಹೋಗುವ ಒಂದು ದ್ವಾರ ಹೆಚ್ಚು ತೆರೆದುಕೊಳ್ಳಬೇಕು. ಹಾಗೆ ತೆರೆಯಲು ಬೇಕಾದ ಕೈನೇಸನ್ನು ದ್ವಾರದ ಬಳಿಯಲ್ಲಿಯೇ ಕಟ್ಟಿ ನಿಲ್ಲಿಸಿರುವ ಲಂಗರಿನ ಹೆಸರು ಯೋಟಿಯಾವೊ. ಉದ್ದನೆಯ, ತೆಳ್ಳಗಿನ ಈ ಪ್ರೋಟೀನಿಗೆ ಚೀನಾದ ಎಣ್ಣೆಯಲ್ಲಿ ಕರಿದ ತಿನಿಸೊಂದರ ಹೆಸರನ್ನು ಇಡಲಾಗಿದೆ. ಫಿನ್ಲೆಂಡಿನ ಕೆಲವು ಮನೆತನಗಳಲ್ಲಿ ತಲೆಮಾರುಗಳಿಂದ ಬಂದಿರುವ ಒಂದು ದೋಷವು ಆ ದ್ವಾರ ಈ ಲಂಗರಿಗೆ ಕೂಡಿಕೊಳ್ಳುವುದನ್ನೇ ತಪ್ಪಿಸುತ್ತದೆಂದು 2002ರಲ್ಲಿ ತಿಳಿದುಬಂದಿತು. ಲಂಗರಿನಲ್ಲಿಯೇ ಇರುವ ದೋಷವೂ ಅದೇ ಕಾಯಿಲೆಗೆ ಎಡೆಮಾಡಬಲ್ಲುದೆಂಬುದು 2007ರಲ್ಲಿ ವರದಿಯಾಯಿತು. ಕಿಣ್ವ ಇದೆ, ದ್ವಾರ ಇದೆ, ಸಂದೇಶವೂ ಬಂದಿದೆ. ಆದರೂ ಬಡಿತ ತಾಳತಪ್ಪಿ ಮನುಷ್ಯ ಕುಸಿದುಬೀಳುತ್ತಾನೆ. ವೈದ್ಯರು ಇದನ್ನು ದೀರ್ಘ ಕ್ಯೂ-ಟಿ ಲಕ್ಷಣಕೂಟವೆನ್ನುತ್ತಾರೆ. ಈ ಕಾಯಿಲೆಗೆ ಬೇರೆ ಕಾರಣಗಳೂ ಉಂಟು. ಲಂಗರಿನ ದೋಷ ಅವುಗಳಲ್ಲಿ ವಿರಳವಾದದ್ದು.

ಎಲ್ಲ ರೋಗಗಳಿಗೂ ನೆಲೆತಪ್ಪುವುದೇ ಮೂಲವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಕಾಲರಾದಲ್ಲಿ ಕರುಳಿನ ಜೀವಕೋಶಗಳೊಳಗೆ ಸೈಕ್ಲಿಕ್ ಎ.ಎಂ.ಪಿ. ಮಿತಿಮೀರಿ ತುಂಬಿ ನೀರೂ ಲವಣವೂ ಹೊರಕ್ಕೆ ಹರಿದುಹೋಗುತ್ತವೆ. ಅದಕ್ಕೆ ಕಾರಣವಾದ ವಿಷವನ್ನು ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟರು. ಅಲ್ಲಿ ಪ್ರಮಾಣವೇ ಪ್ರಧಾನ. ಅಲ್ಲದೆ, ಲಂಗರಿನ ನಂಟನ್ನೇ ಗುರಿಯಾಗಿಸಿಕೊಂಡ ಔಷಧಿಯಾವುದೂ ಇನ್ನೂ ವಾಡಿಕೆಯ ಚಿಕಿತ್ಸೆಗೆ ಬಂದಿಲ್ಲ. ಆದರೂ ದೇಹದಾದ್ಯಂತ ಒಂದು ಕಿಣ್ವವನ್ನು ತಡೆಯುವ ಔಷಧಿಗಿಂತ ಒಂದೇ ಜಾಗದಲ್ಲಿ ಅದನ್ನು ತಡೆಯುವ ಔಷಧಿ ಕಡಮೆ ಕೆಡುಕನ್ನುಂಟುಮಾಡೀತು ಎಂಬ ನಿರೀಕ್ಷೆ ನಿರಾಧಾರವಾದುದಲ್ಲ.

ಈ ವಿಷಯ ಶಾಲೆಗೇಕೆ ಎಂದು ಕೇಳುವವರುಂಟು. ದೀರ್ಘ ಕ್ಯೂ-ಟಿಯುಳ್ಳ ಮಗು ಮೊದಲು ಕುಸಿಯುವುದು ಆಟದ ಬಯಲಿನಲ್ಲಿ ಅಥವಾ ಈಜುಕೊಳದಲ್ಲಿ ಆಗಿರಬಹುದು. ಅದನ್ನು ಮೂರ್ಛೆರೋಗವೆಂದು ತಪ್ಪಾಗಿ ತಿಳಿಯುವುದು ಅಪರೂಪವಲ್ಲ. ಓಡುತ್ತಿದ್ದ ಹುಡುಗ ಹಠಾತ್ತನೆ ಎಚ್ಚರತಪ್ಪಿದರೆ ನೀರು ಚಿಮುಕಿಸಿ ಮನೆಗೆ ಕಳುಹಿಸದೆ, ಹೃದಯದ ಇ.ಸಿ.ಜಿ. ತೆಗೆಸಿರೆಂದು ತಂದೆತಾಯಿಗಳಿಗೆ ಒತ್ತಿ ಹೇಳುವ ಉಪಾಧ್ಯಾಯರಿಂದ ಒಂದು ಜೀವ ಉಳಿದೀತು. ಅಡ್ರಿನಲಿನ್‌ನ ಪ್ರಭಾವವನ್ನು ತಗ್ಗಿಸುವ ಬೀಟಾ ತಡೆ ಔಷಧಿಗಳು ಇಂಥ ಅನೇಕ ರೋಗಿಗಳಿಗೆ ರಕ್ಷಣೆ ನೀಡುತ್ತವೆ.

ಇಂಥ ಕಾರ್ಯಕ್ಕೆ ನಾಡಿನಲ್ಲಿ ಪರಂಪರೆಯಿಲ್ಲದಿಲ್ಲ. ಕೃಷ್ಣರಾಜ ಮಾರುಕಟ್ಟೆಯ ಮಗ್ಗುಲಲ್ಲೇ ಇರುವ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಆರಂಭವಾಯಿತು. ಅದರ ಆವರಣದಲ್ಲಿಯೇ 1970ರ ದಶಕದಲ್ಲಿ, ಚಿತ್ರದುರ್ಗದ ಬೃಹನ್ಮಠದ ದಾನದ ನೆರವಿನೊಡನೆ, ಜಯದೇವ ಜಗದ್ಗುರುಗಳ ಹೆಸರಿನ ಹೃದ್ರೋಗ ಸಂಸ್ಥೆ ತಲೆಯೆತ್ತಿತು. ಇಂದು ಅದು ಬನ್ನೇರುಘಟ್ಟ ರಸ್ತೆಯಲ್ಲಿ ವಿಶಾಲವಾಗಿ ಬೆಳೆದು ನಿಂತಿದೆ. ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯನವರ ಬಳಗ ಜೀವಕೋಶದೊಳಗಿನ ಇಂಥ ಸಂದೇಶಾಣುಗಳ ಕುರಿತು ದಶಕಗಳಿಂದ ಶೋಧನೆ ನಡೆಸಿದೆ.

ಆದ್ದರಿಂದ ದಾನಿಗಳು ಕಟ್ಟಡಕ್ಕೆ ಕೊಡುವಷ್ಟೇ ಸಂತೋಷದಿಂದ ಸೂಕ್ಷ್ಮದರ್ಶಕಕ್ಕೂ ಪ್ರಯೋಗಶಾಲೆಗೂ ಕೊಡಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಮ್ಮೆಯಾದರೂ ತಮ್ಮ ಶಾಲೆಗೆ ಬಂದು ಉಪಾಧ್ಯಾಯರೊಡನೆ ಕುಳಿತು ಈ ಹೊಸ ತಿಳಿವಳಿಕೆಯನ್ನು ಹಂಚಿಕೊಳ್ಳಬೇಕು. ಜೀವಕೋಶದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಯಾವ ಕಿಣ್ವವಿದೆ ಎಂಬುದರ ಜೊತೆಗೆ ಅದು ಎಲ್ಲಿದೆ ಎಂಬುದನ್ನೂ ಗುರುತು ಮಾಡಿ ತೋರಿಸುವ ಪಾಠ ಅಂದಿನಿಂದ ಮೊದಲಾಗಲಿ.