ಸೋಮವಾರದ ತಲೆನೋವು

ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತ, ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ತಲೆನೋವು, ಕೈಕಾಲು ಸೆಳೆತ, ಸುಸ್ತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಾಗುವ ತನಕ ಕಣ್ಣು ಮುಚ್ಚುವುದಿಲ್ಲ. ಬಿಪಿ ನೋಡುತ್ತಾರೆ, ಸ್ವಲ್ಪ ಏರಿದೆ. ರಕ್ತ ಕಡಿಮೆ ಎಂದು ಕಬ್ಬಿಣಾಂಶದ ಮಾತ್ರೆ ಬರೆಯುತ್ತಾರೆ. ಅಷ್ಟಕ್ಕೆ ಸಮಾಧಾನವಾಗದೆ ಅವಳು ಪಕ್ಕದ ರಸ್ತೆಯ ಖಾಸಗಿ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲಿ ಗ್ಲುಕೋಸ್ ಹಾಕಿಸಿಕೊಳ್ಳುತ್ತಾಳೆ. ತಲೆನೋವು ಯಾವಾಗ ಬರುತ್ತದೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ಸೋಮವಾರ ಸಂಜೆ. ಸಂಘದ ಕಂತು ಕಟ್ಟುವುದು ಮಂಗಳವಾರ ಬೆಳಿಗ್ಗೆ.

ಆಕೆಗೊಂದು ಹೆಸರಿಡುವ ಅಗತ್ಯವಿಲ್ಲ. ಚಾಮರಾಜನಗರದಿಂದ ರಾಯಚೂರಿನವರೆಗೆ ಅವಳಂಥವರು ಎಷ್ಟು ಮಂದಿ ಎನ್ನುವುದು 2025ರ ಜನವರಿಯಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ, ಜೀವ ಕಳೆದುಕೊಂಡವರ ಸುದ್ದಿ ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯದ ಸರವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿ ಪ್ರತಿಭಟಿಸಿದರು. ಫೆಬ್ರುವರಿ 12ರಂದು ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಬಿತ್ತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ಆ ಗದ್ದಲದಲ್ಲೆಲ್ಲ ಸಾಲವನ್ನು ಕಾನೂನಿನ ವಿಷಯವಾಗಿ, ಬ್ಯಾಂಕಿನ ವಿಷಯವಾಗಿ, ರಾಜಕೀಯದ ವಿಷಯವಾಗಿ ಚರ್ಚಿಸಿದ್ದಾಯಿತು. ಆರೋಗ್ಯದ ವಿಷಯವಾಗಿ ಚರ್ಚಿಸಿದವರು ಕಡಿಮೆ.

ಹಣದ ಚಿಂತೆಯಿಂದ ಬಳಲುವ ಹೆಂಗಸಿಗೆ ಸಿಗುವ ಉಪದೇಶಗಳ ಪಟ್ಟಿ ಎಲ್ಲರಿಗೂ ಗೊತ್ತಿದ್ದದ್ದೇ. ಯೋಗ ಮಾಡಿ, ಪ್ರಾಣಾಯಾಮ ಮಾಡಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ, ಜಾಸ್ತಿ ಯೋಚನೆ ಮಾಡಬೇಡಿ. ಇವು ಯಾವುವೂ ಕೆಟ್ಟ ಮಾತಲ್ಲ. ಆದರೆ ಕಾಯಿಲೆ ಇರುವುದು ಅವಳ ತಲೆಯಲ್ಲಿ ಎಂಬ ನಂಬಿಕೆಯ ಮೇಲೆ ನಿಂತ ಮಾತುಗಳು. ಕಾಯಿಲೆಯ ದೊಡ್ಡ ಪಾಲು ಇರುವುದು ಸಾಲದ ಆಕಾರದಲ್ಲಿ: ಕಂತು ಎಷ್ಟು ದಿನಕ್ಕೊಮ್ಮೆ, ಎಷ್ಟು ಕಡೆ, ಯಾರ ಕಣ್ಣೆದುರು ಕಟ್ಟಬೇಕು ಎಂಬುದರಲ್ಲಿ. ಆ ಆಕಾರ ಬದಲಿಸಿದರೆ ಸಂಕಟವೂ ಇಳಿಯುತ್ತದೆ ಎನ್ನಲು ಪುರಾವೆ ಇದೆ.

‘ಯೋಚನೆ’ ಎಂಬ ಪದವನ್ನೇ ನೋಡಿ. ಪುಸ್ತಕದ ಕನ್ನಡದಲ್ಲಿ ಅದು ಆಲೋಚನೆ, ವಿಚಾರ. ಹಳ್ಳಿಯ ಮಾತಿನಲ್ಲಿ ‘ಅವಳಿಗೆ ಯೋಚನೆ ಹತ್ಕೊಂಡಿದೆ’ ಎಂದರೆ ಅದೊಂದು ಕಾಯಿಲೆಯ ಹೆಸರು. ಜಿಂಬಾಬ್ವೆಯ ಶೋನಾ ಭಾಷೆಯಲ್ಲೂ ಹೀಗೆಯೇ. ಖಿನ್ನತೆಗೆ ಅಲ್ಲಿನವರು ಹೇಳುವ ‘ಕುಫುಂಗಿಸಿಸಾ’ ಎಂಬ ಪದದ ಅರ್ಥ ಅತಿಯಾಗಿ ಯೋಚಿಸುವುದು. ಎರಡು ಖಂಡಗಳ ಜನ ಪರಸ್ಪರ ಕೇಳದೆಯೇ ಒಂದೇ ರೋಗನಿದಾನಕ್ಕೆ ಬಂದಿದ್ದಾರೆ. ನಮ್ಮ ಸರ್ವಜ್ಞನೂ ಸಾಲವನ್ನು ಲೆಕ್ಕದ ಪುಸ್ತಕದಲ್ಲಿ ಕಾಣದೆ ಸಾಲಗಾರನ ಮೈಮೂಳೆಯಲ್ಲೇ ಕಂಡವನು. ಅವನ ಸಾಲಗಾರ ಗಂಡಸು ಎಂಬುದಷ್ಟೇ ಈಗ ಬದಲಾಗಿರುವುದು.

ಮೈಯೊಳಗೆ ನಡೆಯುವುದನ್ನು ವೈದ್ಯಶಾಸ್ತ್ರ ಸಾಕಷ್ಟು ಬಿಡಿಸಿ ಹೇಳಿದೆ. ಅಪಾಯ ಕಂಡಾಗ ಮಿದುಳು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಅದು ಕಾರ್ಟಿಸಾಲ್ ಸುರಿಸುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಹೃದಯ ಬಿರುಸಾಗಿ ಬಡಿಯುತ್ತದೆ. ಹಾವು ಕಂಡಾಗ ಓಡಲು ಬೇಕಾದ ಏರ್ಪಾಟು ಇದು. ಹಾವು ಹೋದ ಮೇಲೆ ಎಲ್ಲ ತಣ್ಣಗಾಗಬೇಕು. ವಾರಕ್ಕೊಮ್ಮೆ ಬರುವ ಹಾವಾದರೆ ತಣ್ಣಗಾಗಲು ಪುರಸೊತ್ತೇ ಇಲ್ಲ. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಮುಟ್ಟಿನ ಲೆಕ್ಕ ತಪ್ಪುತ್ತದೆ. ಇದರ ಜೊತೆಗೆ ಅವಳೇ ಕೈಯಾರೆ ಮಾಡುವ ಉಳಿತಾಯ ಬೇರೆ. ಮನೆಯಲ್ಲಿ ಕೊನೆಗೆ ಉಣ್ಣುವವಳು ಮೊದಲು ಕಡಿತ ಮಾಡುವುದು ತನ್ನ ತಟ್ಟೆಯನ್ನೇ. ಮುಂದೂಡುವುದು ತನ್ನ ಸ್ಕ್ಯಾನಿಂಗನ್ನೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆ. ಒತ್ತಡ ಬಂದೆರಗುವುದು ಮೊದಲೇ ಸೊರಗಿದ ಇಂಥ ಮೈಗಳ ಮೇಲೆ.

ನೋವು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ ಎಂಬುದು ಇನ್ನೊಂದು ತೊಡಕು. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ಬಿಳಿಮುಟ್ಟಿನ ದೂರು ಹೇಳುವ ಹೆಂಗಸರನ್ನು ಪರೀಕ್ಷಿಸಿದಾಗ, ಆ ದೂರಿಗೆ ಸೋಂಕಿನೊಂದಿಗೆ ಇದ್ದ ನಂಟಿಗಿಂತ ಮನಸ್ಸಿನ ಸಂಕಟ, ಬದುಕಿನ ಜಂಜಾಟಗಳೊಂದಿಗೆ ಇದ್ದ ನಂಟೇ ಗಟ್ಟಿಯಾಗಿ ಕಂಡಿತು. ಸೋಂಕಿಗೆ ಆ್ಯಂಟಿಬಯೋಟಿಕ್ ಇದೆ. ಕಂತಿಗೆ ಯಾವ ಮಾತ್ರೆ?

ಸಾಲದ ಆಕಾರದ ಮಾತಿಗೆ ಬರೋಣ. ಕೋಲ್ಕತ್ತದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತಿಬ್ಬರು ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸರಳತೆಯಿಂದಲೇ ಬೆರಗು ಹುಟ್ಟಿಸುತ್ತದೆ. ಕಿರುಸಾಲ ಪಡೆದ ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೊಮ್ಮೆ, ಇನ್ನೊಂದು ತಿಂಗಳಿಗೊಮ್ಮೆ ಕಂತು ಕಟ್ಟಬೇಕಿತ್ತು. ಸಾಲ ಮನ್ನಾ ಇಲ್ಲ, ಧ್ಯಾನ ಶಿಬಿರವೂ ಇಲ್ಲ. ಆದರೂ ಮರುಪಾವತಿಯ ಬಗ್ಗೆ ‘ಚಿಂತೆ, ಉದ್ವೇಗ, ಆತಂಕ’ ಇದೆ ಎಂದು ಹೇಳುವ ಸಂಭವ ತಿಂಗಳ ಗುಂಪಿನಲ್ಲಿ ಶೇ 51ರಷ್ಟು ಕಡಿಮೆ ಇತ್ತು. ಬದಲಾದದ್ದು ಕ್ಯಾಲೆಂಡರ್ ಮಾತ್ರ. ಸೋಮವಾರ ಸಂಜೆಯ ತಲೆನೋವಿಗೆ ಇಷ್ಟು ಪರಿಣಾಮಕಾರಿಯಾದ ಮಾತ್ರೆ ಯಾವ ಕಂಪನಿಯ ಬಳಿಯಾದರೂ ಇದ್ದರೆ ಅದರ ಜಾಹೀರಾತು ಪ್ರತಿ ಬಸ್ಸಿನ ಹಿಂಬದಿಯಲ್ಲೂ ಇರುತ್ತಿತ್ತು.

ಎರಡನೆಯದು ಲೆಕ್ಕದ ಸಂಗತಿ. ಸಿಂಗಪುರದಲ್ಲಿ ದೀರ್ಘಕಾಲದ ಸಾಲದಲ್ಲಿದ್ದ 196 ಬಡವರಿಗೆ ದತ್ತಿಸಂಸ್ಥೆಯೊಂದು ಐದು ಸಾವಿರ ಸಿಂಗಪುರ ಡಾಲರ್‌ವರೆಗೆ ಸಾಲ ತೀರಿಸಿಕೊಟ್ಟಿತು. ಅದಕ್ಕೆ ಮುಂಚೆ ಮತ್ತು ಆಮೇಲೆ ಅವರ ಆತಂಕವನ್ನೂ ಏಕಾಗ್ರತೆಯನ್ನೂ ಸಂಶೋಧಕರು ಅಳೆದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮನಸ್ಸನ್ನು ಹಗುರ ಮಾಡಿದ್ದು ಎಷ್ಟು ಹಣ ಇಳಿಯಿತು ಎನ್ನುವುದಕ್ಕಿಂತ ಎಷ್ಟು ಸಾಲದ ಖಾತೆಗಳು ಪೂರ್ತಿ ಮುಚ್ಚಿದವು ಎನ್ನುವುದು. ನಮ್ಮ ಹಳ್ಳಿಗಳಲ್ಲಿ ಒಬ್ಬಳಿಗೆ ಸಂಘದ್ದೊಂದು, ಫೈನಾನ್ಸಿನವು ಎರಡು, ಅಡ ಇಟ್ಟ ಓಲೆಯದ್ದೊಂದು, ಅಂಗಡಿಯ ಉದ್ದರಿ, ತವರಿನ ಕೈಸಾಲ. ಒಟ್ಟು ಮೊತ್ತ ದೊಡ್ಡದಿರಲಿಕ್ಕಿಲ್ಲ. ತಲೆಯಲ್ಲಿ ಏಕಕಾಲಕ್ಕೆ ತೆರೆದಿಟ್ಟ ಬಾಗಿಲುಗಳು ಆರು. ಯಾವ ಬಾಗಿಲು ಯಾವಾಗ ಬಡಿಯುತ್ತದೋ ಎಂದು ಕಿವಿ ಕೊಟ್ಟೇ ಇರಬೇಕು.

ಇನ್ನು ಕಣ್ಣೆದುರಿನ ಮಾತು. ಮುಹಮ್ಮದ್ ಯೂನುಸ್ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 1976ರಲ್ಲಿ ಆರಂಭಿಸಿದ ಪ್ರಯೋಗ ಬೆಳೆದು ಬಂದ ದಾರಿಯಲ್ಲಿ ಗುಂಪು ಸಾಲ ಎಂಬ ಜಾಣ ಉಪಾಯ ಜಗತ್ತಿಗೆಲ್ಲ ಹರಡಿತು. ಅಡ ಇಡಲು ಏನೂ ಇಲ್ಲದವಳಿಗೆ ಅಕ್ಕಪಕ್ಕದ ನಾಲ್ವರು ಜಾಮೀನು. ಕನ್ನಡದಲ್ಲಿ ‘ಅಡಮಾನ’ ಎನ್ನುವಾಗ ಒಳಗಿರುವ ಮಾನ ಸಾಮಾನ್ಯವಾಗಿ ನಮಗೆ ಕೇಳಿಸುವುದಿಲ್ಲ. ಇಲ್ಲಿ ನಿಜಕ್ಕೂ ಅಡ ಬಿದ್ದಿರುವುದು ಅದೇ. ಒಬ್ಬಳ ಕಂತು ತಪ್ಪಿದರೆ ಉಳಿದವರು ಮೀಟಿಂಗ್ ಮುಗಿಸಿ ಏಳುವಂತಿಲ್ಲ. ನಿನ್ನೆಯವರೆಗೆ ಕರಿಬೇವು ಕೇಳಿಕೊಂಡು ಬರುತ್ತಿದ್ದವಳು ಇವತ್ತು ವಸೂಲಿಗೆ ಬಾಗಿಲಲ್ಲಿ ಕೂರುತ್ತಾಳೆ. ಗಂಡನ ಆಟೊ ರಿಪೇರಿಗೆ ತೆಗೆದ ಸಾಲಕ್ಕೂ ಸಹಿ ಅವಳದ್ದೇ, ಅವಮಾನವೂ ಅವಳದ್ದೇ. ಸಂಕಟ ಹೇಳಿಕೊಳ್ಳಬಹುದಾಗಿದ್ದ ಗೆಳತಿಯರೇ ಸಾಲದ ಕಾವಲುಗಾರರಾದ ಮೇಲೆ ಮಾತು ಗಂಟಲಲ್ಲೇ ಉಳಿಯುತ್ತದೆ.

ಸಾಲ ದೇಹವನ್ನು ಎಲ್ಲಿಯವರೆಗೆ ಅಟ್ಟಿಕೊಂಡು ಹೋಗಬಲ್ಲದು ಎಂಬುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆ ಸಾಕ್ಷಿ. ಅಲ್ಲಿಂದ ಕಬ್ಬು ಕಡಿಯುವ ದಂಪತಿಗಳು ಮುಂಗಡ ಪಡೆದು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕದ ಕಬ್ಬಿನ ಸೀಮೆಗೂ ಬರುತ್ತಾರೆ. ಗಂಡಹೆಂಡಿರನ್ನು ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು, ಎಂದು ಎಣಿಸುತ್ತಾರೆ. ಒಬ್ಬರು ಒಂದು ದಿನ ಕೆಲಸ ತಪ್ಪಿಸಿದರೂ ದಂಡ, ದಂಡ ಸೇರಿ ಮುಂಗಡ ತೀರುವುದಿಲ್ಲ. ಮುಟ್ಟಿನ ನೋವಿಗೆ ರಜೆ ಹಾಕುವ ಬದಲು ಗರ್ಭಕೋಶವನ್ನೇ ತೆಗೆಸಿಕೊಂಡವರ ಸುದ್ದಿ 2019ರಲ್ಲಿ ಬಯಲಿಗೆ ಬಂದಾಗ ಸರ್ಕಾರ ನೀಲಂ ಗೋರ್ಹೆ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮೀಕ್ಷೆಗೆ ಒಳಪಟ್ಟ 82 ಸಾವಿರ ಚಿಲ್ಲರೆ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಆ ಶಸ್ತ್ರಚಿಕಿತ್ಸೆಗೂ ಅನೇಕರು ಮಾಡಿದ್ದು ಸಾಲವೇ. ಅವರಿಗೆ ಪ್ರಾಣಾಯಾಮ ಹೇಳಿಕೊಡುವ ಧೈರ್ಯ ಯಾರಿಗಿದೆ?

ಹಾಗಾದರೆ ಕಿರುಸಾಲವನ್ನೇ ನಿಲ್ಲಿಸಿಬಿಡೋಣವೇ ಎಂದು ಕೇಳುವವರಿದ್ದಾರೆ. ಅವಿಭಜಿತ ಆಂಧ್ರ 2010ರ ಅಕ್ಟೋಬರಿನಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡಿತು. ಸುಗ್ರೀವಾಜ್ಞೆಯ ನಂತರ ಅಲ್ಲಿ ಸಾಲ ಬತ್ತಿತು. ಪೆಟ್ಟು ತಿಂದ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಕೈ ಬಿಗಿ ಹಿಡಿದವು. ಹಾಗೆ ಸಾಲ ಕಡಿತವಾದ ಜಿಲ್ಲೆಗಳಲ್ಲಿ ಕೂಲಿ ದರವೂ ಮನೆಖರ್ಚೂ ಇಳಿದದ್ದನ್ನು ಅರ್ಥಶಾಸ್ತ್ರಜ್ಞೆಯರಾದ ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ದಾಖಲಿಸಿದ್ದಾರೆ. ಸಂಘದ ಸಾಲ ಇಲ್ಲದ ಊರಿನಲ್ಲಿ ಮೀಟರ್ ಬಡ್ಡಿಯವನು ಇದ್ದೇ ಇರುತ್ತಾನೆ. ಸಾಲ ಬೇಡವೆನ್ನುವುದು ಸಂಬಳದ ಚೀಟಿ ಇರುವವರಿಗೆ ಸುಲಭ. ಮಗುವಿಗೆ ಡೆಂಗಿ ಬಂದ ರಾತ್ರಿ ಹತ್ತು ಸಾವಿರ ಹೊಂದಿಸಬೇಕಾದವಳಿಗೆ ಸಾಲವೂ ಒಂದು ಬಗೆಯ ಔಷಧಿಯೇ.

ಹಾಗಾಗಿ ಜಗಳ ಇರಬೇಕಾದದ್ದು ಸಾಲದ ಜೊತೆಗಲ್ಲ, ಅದರ ಚೌಕಟ್ಟಿನ ಜೊತೆಗೆ. ಈಗಿರುವ ನಿಯಮಗಳೇ ಕಾಗದ ಬಿಟ್ಟು ಇಳಿದರೂ ಅರ್ಧ ನಿದ್ದೆ ವಾಪಸ್ಸು ಬಂದೀತು. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಚೌಕಟ್ಟಿನ ಪ್ರಕಾರ ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಯ ಕರೆ ಕೂಡದು. ಕಂತಿನ ಅವಧಿಯನ್ನು ಸಾಲಗಾರರ ಅನುಕೂಲಕ್ಕೆ ಹೊಂದಿಸಬೇಕು ಎಂಬ ಮಾತೂ ಅದರಲ್ಲಿದೆ. ಹಾಲಿನ ದುಡ್ಡು ಹದಿನೈದು ದಿನಕ್ಕೊಮ್ಮೆ, ಗಾರ್ಮೆಂಟ್ಸ್ ಸಂಬಳ ತಿಂಗಳಿಗೊಮ್ಮೆ ಬರುವ ಮನೆಗೆ ವಾರದ ಕಂತು ಯಾರ ಅನುಕೂಲ ಎಂದು ಫಾರ್ಮ್ ತುಂಬುವಾಗಲೇ ಕೇಳುವ ಹಕ್ಕು ಅವಳಿಗಿದೆ. ಅರ್ಧ ಆದಾಯ ಎಂಬ ಮಿತಿಯೇ ವಿಪರೀತ ಎನ್ನುವುದು ಬೇರೆ ಮಾತು: ಉಳಿದರ್ಧದಲ್ಲಿ ಅಕ್ಕಿ, ಶಾಲೆ, ಬಾಡಿಗೆ, ಮದ್ದು ಎಲ್ಲ ಆಗಬೇಕು.

ಸಾಲ ಕೊಡುವವರು ಬದಲಾಗುವವರೆಗೆ ಅವಳು ಏನು ಮಾಡಬೇಕು? ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಆರಂಭಿಸಿದ ‘ಗೆಳೆತನದ ಬೆಂಚು’ ಒಂದು ದಾರಿ ತೋರಿಸುತ್ತದೆ. ಕ್ಲಿನಿಕ್ಕಿನ ಅಂಗಳದ ಮರದ ಬೆಂಚಿನ ಮೇಲೆ ತರಬೇತಿ ಪಡೆದ ಅಜ್ಜಿಯರು ಕೂರುತ್ತಾರೆ. ಬಂದವರ ಕಷ್ಟಗಳನ್ನೆಲ್ಲ ಕೇಳಿ, ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ, ಈ ವಾರ ಅದಕ್ಕೇನು ಮಾಡಬಹುದು ಎಂದು ಜೊತೆಗೂಡಿ ಯೋಚಿಸುತ್ತಾರೆ. ಆರು ತಿಂಗಳಲ್ಲಿ ಖಿನ್ನತೆಯ ಲಕ್ಷಣ ಗಣನೀಯವಾಗಿ ಇಳಿದದ್ದು 2016ರ ಪ್ರಯೋಗದಲ್ಲಿ ಕಂಡಿತು. ಅತಿಯಾದ ಯೋಚನೆಗೆ ಅಜ್ಜಿಯರ ಮದ್ದು ‘ಯೋಚಿಸಬೇಡ’ ಎನ್ನುವುದಲ್ಲ. ಒಂದೊಂದಾಗಿ ಯೋಚಿಸು ಎನ್ನುವುದು. ಸಿಂಗಪುರದ ಲೆಕ್ಕ ಇದಕ್ಕೆ ಸೇರಿಕೊಳ್ಳುತ್ತದೆ. ಎಲ್ಲ ಸಾಲಗಳನ್ನೂ ಒಂದೇ ಹಾಳೆಯಲ್ಲಿ, ಗಂಡನ ಎದುರು ಕೂತು ಬರೆಯುವುದು. ಕೈಗೆ ಸ್ವಲ್ಪ ಹಣ ಬಂದಾಗ ಎಲ್ಲ ಕಡೆ ಚಿಮುಕಿಸದೆ ಒಂದು ಸಣ್ಣ ಖಾತೆಯನ್ನು ಪೂರ್ತಿ ಮುಚ್ಚುವುದು. ಬಡ್ಡಿಯ ಗಣಿತ ದುಬಾರಿ ಸಾಲವನ್ನೇ ಮೊದಲು ತೀರಿಸು ಎನ್ನುತ್ತದೆ, ಅದು ಸರಿಯೇ. ನಿದ್ದೆಯ ಗಣಿತ ಬೇರೆ. ಗೃಹಲಕ್ಷ್ಮಿಯ 2000 ರೂಪಾಯಿಗೂ ಈ ದೃಷ್ಟಿಯಲ್ಲಿ ಹೆಚ್ಚಿನ ಬೆಲೆಯಿದೆ, ಅದು ಹೇಳಿದ ದಿನಕ್ಕೆ ಬಂದರೆ. ದಿನ ತಪ್ಪಿದ ಹಣ ಅವಳ ಲೆಕ್ಕಕ್ಕೆ ಇನ್ನೊಂದು ತೆರೆದ ಬಾಗಿಲು.

ನಮ್ಮಲ್ಲಿ ಆ ಬೆಂಚು ಹಾಕಲು ಜಾಗ ಹುಡುಕಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಯನ್ನು ಅಲ್ಲೇ ಗುರುತಿಸಿ ಚಿಕಿತ್ಸೆ ಕೊಡಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುವವರಿದ್ದಾರೆ. ಬದುಕೇ ಬೇಡ ಅನ್ನಿಸಿದ ರಾತ್ರಿ ಆ ಸಂಖ್ಯೆ ಕೈಗೆಟುಕುವಂತಿರಬೇಕು. ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆ ಇದ್ದಾಳೆ. ಅವಳೂ ಯಾವುದೋ ಸಂಘದ ಸದಸ್ಯೆಯೇ ಆಗಿರುತ್ತಾಳೆ, ಯಾವ ಮನೆಯ ಕಂತು ಯಾವ ವಾರ ಎಂದು ಅವಳಿಗೆ ಬಾಯಿಪಾಠ. ಕೆಮ್ಮು ಎರಡು ವಾರ ಮೀರಿತೇ ಎಂದು ಕೇಳಲು ಅವಳಿಗೆ ಕಲಿಸಿದ್ದೇವೆ. ಕಂತಿನ ಹಿಂದಿನ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಲು ಇನ್ನೂ ಕಲಿಸಿಲ್ಲ.

ಹಳ್ಳಿ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲವೂ ಇರುತ್ತದೆ: ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಕೂಲಿಯ ಗೀಟುಗಳು, ಮಂಗಳವಾರಗಳ ಸುತ್ತ ಪೆನ್ನಿನ ಸುತ್ತು. ಸುಸ್ತು ಎಂದು ಬಂದವಳಿಗೆ ರಕ್ತ ಪರೀಕ್ಷೆ ಬರೆದುಕೊಡುವ ವೈದ್ಯರು, ಮುಂದಿನ ಸಲ ಬರುವಾಗ ಆ ಕ್ಯಾಲೆಂಡರನ್ನೂ ತನ್ನಿ ಅಮ್ಮಾ ಎಂದರೆ, ಅವಳು ಮೊದಲು ನಗಬಹುದು.