ಸೀತಾಳೆ ದಂಡೆ ಬದನಿಕೆಯಲ್ಲ

ಮುಂಗಾರಿನ ಹೊತ್ತಿಗೆ ನಮ್ಮ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ಸೀತಾಳೆ ದಂಡೆ ಹೂ ಬಿಡುವುದೂ ಅದೇ ಹೊತ್ತಿಗೆ. ಕತ್ತಿ ಹಿಡಿದು ಮರ ಹತ್ತಿದವರು ಬದನಿಕೆಯ ಜೊತೆಗೆ ಇದನ್ನೂ ಕೆತ್ತಿ ಕೆಳಗೆ ಹಾಕುತ್ತಾರೆ. ಅಡಿಕೆ ಬೆಳೆಗಾರರ ಸೊಪ್ಪಿನ ಬೆಟ್ಟದಲ್ಲೂ ಇದೇ ಕಥೆ. ಈ ರೂಢಿ ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಬದನಿಕೆ ನಿಜವಾಗಿಯೂ ಮರದ ಶತ್ರು. ಹಕ್ಕಿಗಳಿಂದ ಹರಡುವ ಅದರ ಬೀಜ ಕೊಂಬೆಯ ಮೇಲೆ ಮೊಳೆತು, ಬೇರನ್ನು ಮರದೊಳಕ್ಕೆ ಇಳಿಸಿ ರಸ ಹೀರುತ್ತದೆ. ಅದನ್ನು ಕೊಂಬೆಸಹಿತ ಕಡಿಯಲೇಬೇಕು. ಸೀತಾಳೆ ದಂಡೆಯ ಬೇರು ಹಾಗಲ್ಲ. ಅದು ತೊಗಟೆಯ ಹೊರಗಷ್ಟೇ ಅಂಟಿಕೊಂಡು, ಮಳೆ ಮತ್ತು ಮಂಜಿನ ನೀರನ್ನು ತನ್ನ ಬಿಳಿಯ ಹೊದಿಕೆಯಲ್ಲಿ ಹೀರಿಟ್ಟುಕೊಳ್ಳುತ್ತದೆ. ಮರದಿಂದ ಅದು ಪಡೆಯುವುದು ನಿಲ್ಲಲು ಒಂದು ತಾವು ಮಾತ್ರ.

ಗುರುತು ಹಿಡಿಯುವುದು ಕಷ್ಟವಲ್ಲ. ಪಟ್ಟಿಯಂತಹ ದಪ್ಪ ಎಲೆಗಳು ಎರಡು ಸಾಲಾಗಿ ಬಾಗಿರುತ್ತವೆ. ತುದಿ ಸಮವಾಗಿರದೆ ಕಚ್ಚಿದಂತೆ ಇರುತ್ತದೆ. ನರಿಯ ಬಾಲದಂತೆ ಜೋತುಬೀಳುವ ಗೊನೆಯಲ್ಲಿ ನೂರಕ್ಕೂ ಮಿಕ್ಕಿ ಹೂಗಳಿರಬಹುದು. ಬಿಳಿಯ ಮೇಲೆ ನಸು ನೇರಳೆ ಚುಕ್ಕೆ. 1678ರಿಂದ 1693ರವರೆಗೆ ಹೊರಬಂದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಇದಕ್ಕೆ ಕೊಟ್ಟಿರುವ ಮಲಯಾಳದ ಹೆಸರಿನಲ್ಲಿ ಆಂಜಿಲಿ ಮರವೂ ಸೇರಿದೆ. ಆಂಜಿಲಿ ಎಂದರೆ ನಮ್ಮ ಹೆಬ್ಬಲಸು. ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಹೆಂಗಸರು ಮುಡಿಯುವ ಹೂವೂ ಇದೇ. ಅದು ಆ ರಾಜ್ಯದ ರಾಜ್ಯಪುಷ್ಪ.

ಕಿತ್ತರೆ ಮತ್ತೆ ಹುಟ್ಟದೇ ಎಂದು ಕೆಲವರು ಕೇಳಬಹುದು. ಒಂದು ಕಾಯಿಯಲ್ಲಿ ಸಾವಿರಾರು ಬೀಜಗಳಿದ್ದರೂ ಅವು ಧೂಳಿನಷ್ಟು ಸಣ್ಣ. ಅವುಗಳಲ್ಲಿ ಮೊಳಕೆಗೆ ಬೇಕಾದ ಆಹಾರವಿಲ್ಲ. ತೊಗಟೆಯ ಮೇಲೆ ತಕ್ಕ ಶಿಲೀಂಧ್ರದ ನೆರವು ಸಿಕ್ಕ ಬೀಜ ಮಾತ್ರ ಬದುಕುತ್ತದೆ. ಹಾಗೆ ಬದುಕಿದ ಸಸಿ ಹೂ ಬಿಡಲು ಹಲವು ವರ್ಷ ಬೇಕು. ಅರ್ಧ ಗಳಿಗೆಯ ಕತ್ತಿ ಕೆಲಸಕ್ಕೆ ಹೋಗುವುದು ಇಷ್ಟು ವರ್ಷಗಳ ಬೆಳವಣಿಗೆ.

ನೆರಳು ಕಡಿಮೆ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಕಾಫಿಗೆ ಬೆಳಕು ಬೇಕು, ಕೊಳೆ ರೋಗವೂ ತಪ್ಪಬೇಕು. ಕೊಂಬೆ ಕಡಿಯಲೇಬೇಕಾದರೆ ಕಡಿಯಿರಿ. ಅದರ ಮೇಲಿನ ಗಿಡವನ್ನು ಮಾತ್ರ ಕಸಕ್ಕೆ ಹಾಕಬೇಡಿ. ಬೇರು ಹರಿಯದಂತೆ ತೊಗಟೆಸಹಿತ ಬಿಡಿಸಿ, ಹಲಸು, ಮಾವು ಅಥವಾ ಮತ್ತಿಯಂತಹ ಒರಟು ತೊಗಟೆಯ ಮರಕ್ಕೆ, ಎಲೆಗಳ ನಡುವಿನಿಂದ ಬೆಳಕು ಬೀಳುವ ಕಡೆ, ತೆಂಗಿನ ನಾರಿನ ಹುರಿಯಿಂದ ಕಟ್ಟಿ. ಮಣ್ಣು, ಗೊಬ್ಬರ ಯಾವುದೂ ಬೇಡ. ಮಳೆಗಾಲದಲ್ಲಿ ಹೊಸ ಬೇರು ಬಂದು ತಾನೇ ಹಿಡಿದುಕೊಳ್ಳುತ್ತದೆ. ಆದರೆ ಇದಕ್ಕಾಗಿ ಕಾಡಿನಿಂದ ಗಿಡ ಕಿತ್ತು ತರುವುದು ಸಲ್ಲದು; ಬಿದ್ದದ್ದನ್ನು ಉಳಿಸಿದರೆ ಸಾಕು.

ಇನ್ನೊಂದು ಮಾತು. ಹಳೆಯ ಕಾಡುಮರ ತೆಗೆದು ಸಿಲ್ವರ್ ಓಕ್ ಒಂದನ್ನೇ ನೆಟ್ಟ ತೋಟದಲ್ಲಿ ಈ ಹೂ ಕಾಣುವುದು ಅಪರೂಪ. ಆಸ್ಟ್ರೇಲಿಯಾದಿಂದ ಬಂದ ಆ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೂ ಆಗುತ್ತದೆ, ನಿಜ. ಆದರೂ ಎಕರೆಗೆ ನಾಲ್ಕಾರು ಹಳೆಯ ಮರಗಳನ್ನಾದರೂ ಉಳಿಸಿಕೊಳ್ಳುವುದು ಸಣ್ಣ ಹಿಡುವಳಿದಾರರಿಗೂ ಸಾಧ್ಯ.

ವೆನಿಲ್ಲಾ ಕೂಡ ಸೀತಾಳೆಯ ಕುಟುಂಬದ್ದೇ. 2003ರ ಸುಮಾರಿಗೆ ಅದರ ಧಾರಣೆ ಮುಗಿಲು ಮುಟ್ಟಿದಾಗ ನಮ್ಮಲ್ಲಿ ಅನೇಕರು ಒಂದೊಂದು ಹೂವನ್ನೂ ಕೈಯಿಂದ ಮುಟ್ಟಿ ಕಾಯಿ ಕಟ್ಟಿಸಿದರು. ಧಾರಣೆ ಬಿದ್ದ ಮೇಲೆ ಬಳ್ಳಿಗಳನ್ನು ಕೇಳುವವರಿರಲಿಲ್ಲ. ಸೀತಾಳೆ ದಂಡೆ ದುಡ್ಡು ಕೊಡುವುದಿಲ್ಲ, ಖರ್ಚನ್ನೂ ಕೇಳುವುದಿಲ್ಲ. ಈ ಸಲ ಆಳುಗಳು ಮರ ಹತ್ತುವ ಮೊದಲು ಬದನಿಕೆ ಯಾವುದು, ಸೀತಾಳೆ ಯಾವುದು ಎಂದು ಒಮ್ಮೆ ತೋರಿಸಿ ಹೇಳಿದರೆ ಸಾಕು. ಸದಸ್ಯ ಬಂಧುಗಳು ಇಷ್ಟನ್ನು ನಡೆಸಿಕೊಡಬೇಕೆಂದು ಕೋರುತ್ತೇವೆ.